ಎತ್ತರದ ನುಗ್ಗೆ

ಲಿಂಗಸುಗೂರಿನಿಂದ ತೋಟಗಾರಿಕೆ ಸಾಹೇಬರ ಜೀಪು ಬಂದಾಗ ಕನಕರಾಯ ಏಣಿ ಹತ್ತಿ ನುಗ್ಗೆಗಿಡದ ಎಲೆ ತೊಳೆಯುತ್ತಿದ್ದ. ಮದುವೆಯ ದಿನ ತನ್ನ ಮುಖವನ್ನೂ ಅವನು ಅಷ್ಟು ತಿಕ್ಕಿರಲಿಲ್ಲ.

"ಬಾವ್ಯಾಗ ನೀರಿಲ್ಲ, ಗಿಡಕ್ಕ ಜಳಕ ನಡದೈತಿ" ಎಂದಳು ಹೆಂಡತಿ ಸೂಗಮ್ಮ, ಕೆಳಗಿನಿಂದ ಕೊಡ ಎತ್ತಿಕೊಡುತ್ತ.

"ನೀ ಸುಮ್ನಿರಲೇ. ಇವತ್ತ ತೀರ್ಮಾನ ಆಕ್ಕೈತಿ."

ಸಂತೆಕಲ್ಲೂರಿನ ಆ ಹೊಲದಲ್ಲಿ ನಾಲ್ಕು ಸಾಲು ನುಗ್ಗೆ ಇತ್ತು. ಎರಡು ಗಂಡನವು, ಎರಡು ಹೆಂಡತಿಯವು. ಸಸಿ ಸೊಂಟದೆತ್ತರ ಬಂದಾಗ ಸೂಗಮ್ಮ, ಪಲ್ಯಕ್ಕೆ ಕಡಲೆ ಕುಡಿ ಚಿವುಟಿದ ಹಾಗೆ, ತನ್ನ ಸಾಲುಗಳ ತುದಿಯನ್ನೆಲ್ಲ ಚಿವುಟಿಬಿಟ್ಟಿದ್ದಳು. ಚಿವುಟಿದರೆ ಕಡಲೆ ಹರಡುತ್ತದೆ, ನುಗ್ಗೆ ಯಾಕೆ ಹರಡಬಾರದು ಎಂಬುದು ಅವಳ ಲೆಕ್ಕ. ಬೆಳೆಯುವ ಕೂಸಿನ ನೆತ್ತಿ ಚಿವುಟುತ್ತಾರೆಯೇ ಎಂದು ಕನಕರಾಯ ತನ್ನ ಸಾಲುಗಳನ್ನು ಮುಟ್ಟಗೊಟ್ಟಿರಲಿಲ್ಲ. ಈಗ ಅವನ ಗಿಡಗಳು ಕರೆಂಟಿನ ತಂತಿಯ ಜೊತೆ ಮಾತಿಗಿಳಿದಿದ್ದವು. ಅವಳವು ಎದೆಮಟ್ಟದಲ್ಲಿ ಹರಡಿ, ಮೈತುಂಬ ಕಾಯಿ ಬಿಟ್ಟುಕೊಂಡು ನಿಂತಿದ್ದವು. ಆ ಕಾಯಿ ಮಸ್ಕಿ ಸಂತೆಗೆ ಹೋದರೆ ಮನೆಗೆ ಉಪ್ಪು ಎಣ್ಣೆ ಬರುತ್ತಿತ್ತು. ಆದರೆ ಬೇಸಿಗೆ ಬಂತು, ಬಾವಿ ತಳ ಕಂಡಿತು. ಇರುವ ನೀರು ಎರಡೇ ಸಾಲಿಗೆ ಸಾಕು. ಯಾವೆರಡು ಉಳಿಯಬೇಕು, ಯಾವೆರಡು ಒಣಗಬೇಕು? ಅದನ್ನು ಓದಿದವರೇ ಹೇಳಲಿ ಎಂದು ಗಂಡ ಹೆಂಡತಿ ಒಪ್ಪಿಕೊಂಡಿದ್ದರು.

ಸಾಹೇಬರು ಜೀಪಿನಿಂದ ಇಳಿದವರೇ ಮೇಲೆ ನೋಡಿದರು. ಓದಿದವರಿಗೆ ಮೊದಲು ಕಾಣುವುದು ಎತ್ತರವೇ. "ಭೇಷ್! ಇಂಥಾ ನುಗ್ಗಿ ನಾ ಎಲ್ಲೂ ನೋಡಿಲ್ಲ ಬಿಡಪ್ಪ. ನಿಲ್ಲು, ಒಂದು ಫೋಟೋ ಹೊಡೀತೀನಿ."

ಕನಕರಾಯ ಗಿಡದ ಬುಡದಲ್ಲಿ ಗಿಡದಷ್ಟೇ ನೆಟ್ಟಗೆ ನಿಂತ. ಸಾಹೇಬರು ಕ್ಯಾಮೆರಾ ಇಳಿಸಿದರು. "ಕಾಯಿ ಎಲ್ಲೋ?"

"ಮ್ಯಾಲ ಅದಾವ್ರಿ ಸಾಹೇಬ್ರ."

"ಎಷ್ಟು?"

"ಮೂರು ಅದಾವ್ರಿ. ಗಾಳಿ ಬೀಸಿದಾಗ ನಾಕನೇದೂ ಕಾಣ್ತೈತ್ರಿ."

ನುಗ್ಗೆಯ ಫೋಟೋದಲ್ಲಿ ಕಾಯಿ ಇರದಿದ್ದರೆ ಹೇಗೆ? ಸೂಗಮ್ಮ ಬೆಳಿಗ್ಗೆ ಸಂತೆಗೆಂದು ಕಾಯಿ ಕೊಯ್ದಿಟ್ಟಿದ್ದ ಬುಟ್ಟಿ ಬಂತು. ಎರಡು ಕಟ್ಟು ಕಾಯಿ ಕನಕರಾಯನ ತೋಳಿಗೇರಿದವು. "ಅಮ್ಮಾ, ಸ್ವಲ್ಪ ಸರೀರಿ, ನಿಮ್ಮ ನೆರಳು ಬೀಳ್ತದ" ಎಂದರು ಸಾಹೇಬರು. ಸೂಗಮ್ಮ ಸರಿದಳು. ಅವಳ ಕಾಯಿ, ಅವನ ಗಿಡ, ಸರಕಾರದ ಫೋಟೋ.

ಆಮೇಲೆ ತೀರ್ಪು ಬಂತು. "ಆ ಕುಳ್ಳ ಗಿಡಕ್ಕ ನೀರು ಹಾಕಿ ಏನು ಮಾಡ್ತಿ? ಬೆಳವಣಿಗೀನೇ ಇಲ್ಲ. ನೀರು ಎತ್ತರದವಕ್ಕ ಬಿಡು, ಆ ಕುಳ್ಳನವನ್ನ ಕಿತ್ತು ಹಾಕು." ಕನಕರಾಯ ಮೀಸೆಯ ಮೇಲೆ ಕೈಯಾಡಿಸಿ ಹೆಂಡತಿಯ ಕಡೆ ನೋಡಿದ. ಅವಳು ಸಲಿಕೆ ಹಿಡಿದು ಕಾಲುವೆಯ ಬದುವಿನ ಮೇಲೆ ನಿಂತಿದ್ದಳು.

ಜೀಪು ಹತ್ತಲು ಹೊರಟ ಸಾಹೇಬರು ತಿರುಗಿ ನಿಂತರು. "ಅಂದಂಗ ಅಮ್ಮಾ, ನಮ್ಮ ಮನೀಗೂ ಒಂದೆರಡು ಕಟ್ಟು ಹಾಕ್ರಿ. ಎಳೇವು ನೋಡಿ ಹಾಕ್ರಿ. ವಾರಕ್ಕೊಮ್ಮೆ ಜವಾನನ್ನ ಕಳಸ್ತೀನಿ."

"ಅದಕ್ಕೇನ್ರಿ ಸಾಹೇಬ್ರ" ಎಂದ ಸೂಗಮ್ಮ ಏಣಿಯನ್ನು ಎಳೆದು ತಂದು ಎತ್ತರದ ಗಿಡಕ್ಕೆ ಒರಗಿಸಿದಳು. "ಕುಳ್ಳ ಗಿಡ ನೀವ ಕೀಳಿಸಾಕತ್ತೀರಿ. ಇನ್ನ ಮ್ಯಾಲಿನ ಕಾಯೇ ಗತಿ. ನುಗ್ಗಿ ಟೊಂಗಿ ಲಗೂನ ಮುರೀತಾವ್ರಿ, ಜರಾ ಸಂಭಾಳಿಸಿ ಹತ್ರಿ."

ಸಾಹೇಬರು ಮೇಲೆ ನೋಡಿದರು. ಈ ಸಲ ಎತ್ತರ ಅಷ್ಟು ಚೆಂದ ಕಾಣಲಿಲ್ಲ. ಕೆಮ್ಮಿದರು. ಕನ್ನಡಕ ಒರೆಸಿಕೊಂಡರು. "ಕನಕರಾಯಾ, ಹಿಂಗ ಮಾಡು. ಈ ಬೇಸಿಗಿ ಒಂದು, ನೀರು ಈ ಕೆಳಗಿನ ಸಾಲಿಗೇ ಬಿಡು. ಪ್ರಯೋಗ ಅಂತ ನಾನು ಬರ್ಕೋತೀನಿ."

ಜೀಪು ಎರಡು ಕಟ್ಟು ಎಳೆಯ ಕಾಯಿ ಹೊತ್ತುಕೊಂಡು ಧೂಳೆಬ್ಬಿಸುತ್ತ ಹೋಯಿತು.

"ಹಂಗಾದ್ರ ನನ್ನ ಗಿಡದ ಗತಿ?" ಎಂದ ಕನಕರಾಯ.

ಸೂಗಮ್ಮ ಕಾಲುವೆಯ ಮಣ್ಣು ಸರಿಸಿ ನೀರನ್ನು ತನ್ನ ಸಾಲಿಗೆ ತಿರುವಿದಳು. "ಫೋಟೋದಾಗ ಅದಾವಲ್ಲ, ಅಲ್ಲಿ ಒಣಗಂಗಿಲ್ಲ ಬಿಡು."