ಒಂದು ಉದ್ದ, ಮೂರು ಗಿಡ್ಡ

ಕನಕ ಮತ್ತೆ ಸ್ವಿಚ್ ಒತ್ತಿದಳು. ಒಳಗೆ ಫ್ಯಾನು ಗುಯ್ಯೆಂದಿತು, ಹಸಿರು ದೀಪ ಹತ್ತಿತು, ಡಬ್ಬದೊಳಗಿಂದ ಏನೋ ಕೀಕ್ ಕೀಕ್ ಎಂದು ಕಿರುಚಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು. ಬೆಳಗ್ಗೆ ಎಂಟರಿಂದ ಇದು ಒಂಬತ್ತನೇ ಸಲ.

"ಸಾಕು ಬಿಡಮ್ಮ, ಅದರ ಜೀವ ಯಾಕೆ ತೆಗೀತೀಯ," ಎಂದರು ಕೋದಂಡಪ್ಪ. ಉರಿಗಾಂನಲ್ಲಿದ್ದ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಬಂದ ಮೊದಲ ಕಂಪ್ಯೂಟರ್ ಅದು. ಬೆಂಗಳೂರಿನಿಂದ ರೈಲಿನಲ್ಲಿ ಬಂದು, ನಿನ್ನೆ ಸಂಜೆ ಬಂಗಾರಪೇಟೆಯಿಂದ ಟೆಂಪೋದಲ್ಲಿ ಕುಲುಕಿಕೊಂಡು ಬಂದಿತ್ತು. "ಮಾರಿದ ಬೆಂಗಳೂರ್ನೋರಿಗೆ ಫೋನ್ ಆಕಿದ್ದೆ. ಮದರ್‌ಬೋರ್ಡ್ ಓಗೈತೆ, ವಾಪಸ್ ತನ್ನಿ ಅಂತವ್ರೆ. ರಿಪೇರಿ ಮಾಡಿ, ಪಾಠಕ್ಕೂ ಅವರ ಕಡೆಯೋನ್ನೇ ಒಬ್ಬನ್ನ ಕಳಿಸ್ತಾರಂತೆ. ನೀನು ಟೈಪಿಂಗ್ ಕಡೀಕೇ ನೋಡ್ಕೊಂಡುಬಿಡು."

ಕನಕ ಗಡಿಯಾರ ನೋಡಿದಳು. ಹನ್ನೊಂದಕ್ಕೆ ಅವಳ ಬದುಕಿನ ಮೊದಲ ಕ್ಲಾಸು. ಬಿ.ಎಸ್ಸಿ. ಮುಗಿಸಿ, ಆರು ತಿಂಗಳು ಕಂಪ್ಯೂಟರ್ ಕಲಿತು, ಮೂರು ವಾರದಿಂದ ಕನ್ನಡಿಯ ಮುಂದೆ ನಿಂತು ಪಾಠ ಹೇಳಿಕೊಂಡು ಬಂದಿದ್ದಳು. ಒಂದು ಗಂಟೆ ಟೈಮ್ ಕೊಡಿ ಸಾರ್ ಎನ್ನಬೇಕೆನಿಸಿತು. ಆದರೆ ತಲೆಯಾಡಿಸಿದಳು, ಅಷ್ಟೇ. ಕೋದಂಡಪ್ಪ ಟೆಂಪೋ ಹಿಡಿಯಲು ಹೊರಟರು.

"ಇನ್ನೊಂದ್ ಸಲ ಹಾಕು ತಾಯಿ."

ಜಗಲಿಯ ಬೆಂಚಿನಿಂದ ಪೆರುಮಾಳ್ ತಾತನ ದನಿ. ಚಿನ್ನದ ಗಣಿಯಲ್ಲಿ ಆಳುಗಳನ್ನು ಕೇಜೆಂಬ ಕಬ್ಬಿಣದ ಪಂಜರದಲ್ಲಿ ಪಾತಾಳಕ್ಕಿಳಿಸಿ ಹತ್ತಿಸುವ ಎಂಜಿನ್ನನ್ನು ಮೂವತ್ತು ವರ್ಷ ನಡೆಸಿ ನಿವೃತ್ತನಾದವನು; ದಿನಾ ಬೆಳಗ್ಗೆ ಇಲ್ಲಿ ಪೇಪರು ಓದಲು ಬರುತ್ತಿದ್ದ.

"ಏನಿಲ್ಲ ತಾತ, ಸುಮ್ನೆ ಕಿರುಚ್ತಾ ಇದೆ."

"ಹಾಕಮ್ಮ ನೀನು."

ಹಾಕಿದಳು. ಮುದುಕ ಕಣ್ಣು ಮುಚ್ಚಿದ. ಅವನ ಬಲಗೈ ಗಾಳಿಯಲ್ಲಿ ಕಾಣದ ಹಿಡಿಯೊಂದನ್ನು ಭದ್ರವಾಗಿ ಹಿಡಿಯಿತು.

"ಒಂದು ಉದ್ದ, ಮೂರು ಗಿಡ್ಡ. ಬೆಳಗ್ಗೆಯಿಂದ ಅದೇ, ಒಂದ್ಸಲಾನೂ ತಪ್ಪಿಲ್ಲ. ಕೆಟ್ಟೋಗಿರೋದು ಇಷ್ಟು ಲೆಕ್ಕವಾಗಿ ಕೂಗಲ್ಲ ತಾಯಿ. ಇದು ಬೆಲ್ಲು."

"ಬೆಲ್ಲಾ?"

"ಮೂರು ಸಾವಿರ ಅಡಿ ಕೆಳಗಿರೋನು ಬಾಯಲ್ಲಿ ಹೇಳಿದ್ರೆ ನಂಗೆ ಕೇಳ್ತದಾ? ಬೆಲ್ ಹೊಡೀತಾನೆ. ಒಂದು ಹೊಡೆದ್ರೆ ನಿಲ್ಲಿಸು. ಎರಡು ಹೊಡೆದ್ರೆ ಇಳಿಸು. ಮೂರಾದ್ರೆ ಕೇಜಲ್ಲಿ ಆಳುಗಳವ್ರೆ, ಜೋಪಾನ. ಮೂವತ್ತು ವರ್ಷ ಎಣಿಸಿದ್ದಕ್ಕೇ ನಂಗೆ ಸಂಬಳ. ಈಗ್ಲೂ ನಮ್ಮನೇವಳು ಕೂಗಿದ್ರೆ ಎಷ್ಟು ಸಲ ಕೂಗಿದ್ಲು ಅಂತ ಹೇಳ್ತೀನಿ, ಯಾಕೆ ಕೂಗಿದ್ಲು ಅಂತ ಗೊತ್ತಾಗಲ್ಲ." ತನ್ನ ಮಾತಿಗೆ ತಾನೇ ನಕ್ಕ. "ಯಾವ ಬೆಲ್ಲಿಗೆ ಏನು ಅಂತ ಎಂಜಿನ್ ರೂಮಿನ ಗೋಡೆ ಮೇಲೆ ಬರೆದು ಹಾಕಿರ್ತಿದ್ರು. ಇದಕ್ಕೂ ಎಲ್ಲೋ ಬರೆದಿರ್ತಾರೆ, ನೋಡು."

ಕನಕ ಮೇಜಿನ ಮೇಲಿದ್ದ ತೆಳ್ಳನೆಯ ಪುಸ್ತಕವನ್ನು ಸರಕ್ಕನೆ ಎತ್ತಿಕೊಂಡಳು. ಕಂಪ್ಯೂಟರ್ ಜೊತೆ ಬಂದ ಆ ಪುಸ್ತಕವನ್ನು ರಾತ್ರಿಯೇ ಓದಿ ಮುಗಿಸಿದ್ದಳು, ಇರುವೆಯಂಥ ಅಕ್ಷರದ ಕೊನೆಯ ಪುಟವೊಂದನ್ನು ಬಿಟ್ಟು. ಅದು ರಿಪೇರಿಯವರಿಗಿರಬೇಕು, ನನಗಲ್ಲ ಅಂದುಕೊಂಡಿದ್ದಳು. ಈಗ ಆ ಪುಟದ ಸಾಲುಗಳ ಮೇಲೆ ಬೆರಳು ಓಡಿತು, ನಿಂತಿತು. ಒಂದು ಉದ್ದ, ಮೂರು ಗಿಡ್ಡ: ಮೆಮೊರಿ.

ಪ್ಲಗ್ ಕಿತ್ತಳು. ಟೈಪ್‌ರೈಟರ್ ಬಿಚ್ಚುವ ಸ್ಕ್ರೂಡ್ರೈವರಿನಲ್ಲೇ ಮುಚ್ಚಳ ಬಿಚ್ಚಿದಳು. ಚಿತ್ರದಲ್ಲಷ್ಟೇ ನೋಡಿದ್ದ ಒಳಗಿನ ಊರು ಕಣ್ಣೆದುರು ತೆರೆದುಕೊಂಡಿತು. ಒಂದು ಮೂಲೆಯಲ್ಲಿ ಬೆರಳುದ್ದದ ನಾಲ್ಕು ಹಸಿರು ಮೆಮೊರಿ ಪಟ್ಟಿಗಳು ಸಾಲಾಗಿ ನಿಂತಿದ್ದವು. ಮೂರು ನೆಟ್ಟಗಿದ್ದವು. ನಾಲ್ಕನೆಯದರ ಒಂದು ತುದಿ ಅಕ್ಕಿಕಾಳಿನಷ್ಟು ಮೇಲೆದ್ದಿತ್ತು.

"ಅಯ್ಯೋ, ಬಿಚ್ಚಿ ಆಕ್ಬುಟ್ಯಾ?" ಬಾಗಿಲಲ್ಲಿ ಕೋದಂಡಪ್ಪ, ಕೈಯಲ್ಲಿ ಡಬ್ಬ ಕಟ್ಟುವ ಹುರಿ. "ಬಿಚ್ಚಿದ ಮಾಲನ್ನ ಅವರು ವಾಪಸ್ ತಕ್ಕೊಳ್ಳಲ್ಲಮ್ಮ. ಮುಗೀತು ನನ್ನ ಕತೆ."

ಅವಳ ಹೆಬ್ಬೆರಳು ಅಷ್ಟರಲ್ಲಿ ಪಟ್ಟಿಯನ್ನು ಒತ್ತಿ ಆಗಿತ್ತು. ಟಕ್. ಪ್ಲಗ್ ಸಿಕ್ಕಿಸಿ ಸ್ವಿಚ್ ಒತ್ತಿದಳು. ಈ ಸಲ ಒಂದೇ ಒಂದು ಪುಟ್ಟ ಕೂಗು. ಕಪ್ಪು ಪರದೆಯ ಮೇಲೆ ಬಿಳಿ ಅಂಕಿಗಳು ಒಂದರ ಹಿಂದೊಂದು ಓಡತೊಡಗಿದವು. ಕನಕಳಿಗೆ ಕುಣಿದುಬಿಡಬೇಕೆನಿಸಿತು, ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದು ನಿಂತಳು. ಕೋದಂಡಪ್ಪ ಹುರಿಯನ್ನು ತಮ್ಮ ಬೆರಳಿಗೇ ಸುತ್ತಿಕೊಳ್ಳುತ್ತಾ ಬಾಯಿ ತೆರೆದು ನೋಡುತ್ತಿದ್ದರು.

"ಒಂದು," ಎಂದ ಪೆರುಮಾಳ್ ಜಗಲಿಯಿಂದ. "ಕೇಜು ಮೇಲೆ ಬಂದು ನಿಂತಿತು ನೋಡಿ."

ಹನ್ನೊಂದಕ್ಕೆ ಎಂಟು ಮಂದಿ ಬಂದು ಕೂತರು. ಕೋದಂಡಪ್ಪ ಟೆಂಪೋದವನನ್ನು ಸಾಗಹಾಕಿ, ತಾವೇ ರಿಪೇರಿ ಮಾಡಿದವರಂತೆ ಬಾಗಿಲಿಗೊರಗಿ ನಿಂತರು. ಕನಕ ಎಲ್ಲರ ಮುಂದೆ ಬಂದಳು. ಕನ್ನಡಿಯ ಮುಂದೆ ಕಂಠಪಾಠ ಮಾಡಿದ್ದ ಒಂದು ಸಾಲೂ ನೆನಪಿಗೆ ಬರಲಿಲ್ಲ. ಎಂಟು ಜೊತೆ ಕಣ್ಣು ಅವಳನ್ನೇ ನೋಡುತ್ತಿದ್ದವು. ಅವಳು ಹೋಗಿ ಕಂಪ್ಯೂಟರ್ ಆರಿಸಿದಳು. ಪ್ಲಗ್ ಕಿತ್ತಳು, ಮುಚ್ಚಳ ತೆಗೆದಳು, ಆ ಹಸಿರು ಪಟ್ಟಿಯ ತುದಿಯನ್ನು ಮೆಲ್ಲಗೆ ಮೇಲೆತ್ತಿದಳು.

"ಏನ್ ಮಾಡ್ತಿದೀಯಮ್ಮ," ಕೋದಂಡಪ್ಪನವರ ಕೈ ಎದೆಗೆ ಹೋಯಿತು. "ಈಗತಾನೇ ಬದುಕೈತೆ ಅದು."

"ನೀವು ಮಾತಾಡ್ಬೇಡಿ ಸಾರ್."

ಜಗಲಿಯವರೆಗೂ ಕೇಳಿಸಿದ ಆ ದನಿ ತನ್ನದೇ ಎಂದು ಅವಳಿಗೆ ಗೊತ್ತಾಗಲು ಒಂದು ಕ್ಷಣ ಹಿಡಿಯಿತು. ಮತ್ತೆ ಪ್ಲಗ್ ಸಿಕ್ಕಿಸಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು ಕ್ಲಾಸಿನತ್ತ ತಿರುಗಿದಳು.

"ಪರದೆ ನೋಡ್ಬೇಡಿ, ಅದರಲ್ಲಿ ಏನೂ ಬರಲ್ಲ. ಕಣ್ಣು ಮುಚ್ಚಿ, ಎಣಿಸಿ."