ಹುಳುಮನೆಯಲ್ಲಿ ಅತ್ತರು

"ಇಲ್ ಬನ್ನಿ, ಈ ತಟ್ಟೆ ಸ್ವಲ್ಪ ಹಿಡ್ಕೊಳ್ಳಿ" ಎಂದು ರೇಷ್ಮೆ ಹುಳುಮನೆಯೊಳಗಿಂದ ಹೆಂಡತಿ ಕರೆದದ್ದೇ ತಡ, ಕೋನಪ್ಪ ಮೈಮರೆತು ಒಳಕ್ಕೆ ನುಗ್ಗಿ ಹುಳುಗಳ ತಟ್ಟೆ ಹಿಡಿದುಕೊಂಡ. ಮುನಿಸಿಕೊಂಡು ತಿಂಗಳಾದ ಮೇಲೆ ಮುನಿಶಾಮಮ್ಮ ಆಡಿದ ಮೊದಲ ಮಾತು ಅದು. ಕತ್ತಿಗೆ ಬಳಿದುಕೊಂಡಿದ್ದ ಅತ್ತರು ಅವನಿಗೆ ನೆನಪೇ ಆಗಲಿಲ್ಲ.

ಶಿಡ್ಲಘಟ್ಟದಲ್ಲಿ ಬೋಂಡ ಕಟ್ಟಿಕೊಟ್ಟಿದ್ದ ಹಳೇ ಪೇಪರಿನಲ್ಲಿ, ಗಂಡ ಸುಗಂಧ ಹಚ್ಚಿಕೊಂಡು ಮನೆಗೆ ಹೋದರೆ ಹೆಂಡತಿಯ ಮುನಿಸು ಕರಗುತ್ತದೆಂದು ಪ್ಯಾರಿಸ್ಸಿನ ಯಾರೋ ಪಂಡಿತ ಹೇಳಿದ್ದನ್ನು ಅಚ್ಚು ಹಾಕಿದ್ದರು. ಆ ಪಂಡಿತನ ಮನೆ ಹಾಳಾಗ, ಅವನೇನು ಹುಳು ಸಾಕಿದವನೇ? ಘಾಟು ತಾಕಿದರೆ ಹುಳು ಸೊಪ್ಪು ಮುಟ್ಟುವುದಿಲ್ಲವೆಂದು ಅವರೂರು ಜಂಗಮಕೋಟೆಯಲ್ಲಿ ಮಕ್ಕಳಿಗೂ ಗೊತ್ತು. ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಗಬಗಬನೆ ಮೇಯುತ್ತಿದ್ದ ಹುಳುಗಳು ನೋಡನೋಡುತ್ತಿದ್ದಂತೆ ಸೊಪ್ಪು ಬಿಟ್ಟು ತಲೆ ಎತ್ತಿದವು. ಕೆಲವು ಹಸಿರು ನೀರು ಕಾರಿದವು.

"ಥೂ, ಏನೇ ಬಳ್ಕೊಂಡ್ ಬಂದಿದೀಯ?" ಬಾಗಿಲಲ್ಲಿ ಅವನ ತಾಯಿ ಗಂಗುಲಮ್ಮ ಸೊಸೆಯ ಮೇಲೆ ಹರಿಹಾಯ್ದಳು. "ಯಾರಿಗ್ ತೋರ್ಸಕ್ಕೆ ಈ ಸೋಕಿ? ಹುಳ ಸತ್ರೆ ನಿಮ್ಮಪ್ಪನ ಮನೆ ದಾರಿ ಹಿಡೀಬೇಕು ಕಣೇ!"

ಮುನಿಶಾಮಮ್ಮ ತಿರುಗಿ ಗಂಡನ ಮುಖವನ್ನೇ ನೋಡಿದಳು. ಒಂದು ಮಾತಿಗಾಗಿ ಕಾದಳು. ತಿಂಗಳಿಂದ ಆ ನೋಟಕ್ಕೇ ಹಾತೊರೆದಿದ್ದ ಕೋನಪ್ಪ, ಒಂದು ಕೈಯಲ್ಲಿ ತಟ್ಟೆ ಹಿಡಿದೇ ಹೆಗಲ ಮೇಲಿನ ಟವಲನ್ನು ಮೆಲ್ಲಗೆ ಎಳೆದು ಕತ್ತಿಗೆ ಸುತ್ತಿಕೊಂಡ.

"ಹೂಂ ಅತ್ತೆ, ನಾನೇ" ಎಂದಳು ಅವಳು, ಅವನ ಕೈಯಿಂದ ತಟ್ಟೆ ಕಿತ್ತುಕೊಂಡು. "ಇವ್ರನ್ನ ಆಚೆಗೆ ಕಳ್ಸಿ."