ಮಾವನ ಬಾಕಿ ಪ್ರಬಂಧಗಳು

"ಆ ಭಂಡಾರಕ್ಕೆ ಒಂದು ಪ್ರಬಂಧ ಸೇರಿಸೋದಕ್ಕಿಂತ ಹೊಸದೊಂದು ಬರೆಯೋದೇ ಸುಲಭ," ಎಂದುಬಿಟ್ಟರು ಮಾವ, ಅಧ್ಯಾಪಕರ ತುಂಬಿದ ಸಭೆಯಲ್ಲಿ. ಸೊಸೆ ಎದುರಿಗಿದ್ದಾಳೆಂಬ ಮುಲಾಜೂ ಇಲ್ಲ. ಎಲ್ಲರೂ ಗೊಳ್ಳೆಂದು ನಕ್ಕರು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಮಾವ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್, ಸೇತುವೆಗಳ ಬಿರುಕು ಅವರ ವಿಷಯ. ಸೊಸೆ ಅಲ್ಲೇ ಗ್ರಂಥಪಾಲಕಿ. ಅಧ್ಯಾಪಕರ ಸಂಶೋಧನಾ ಪ್ರಬಂಧಗಳನ್ನೆಲ್ಲ ಜಾಲತಾಣದಲ್ಲಿ ಕೂಡಿಟ್ಟು, ಯಾರು ಬೇಕಾದರೂ ಪುಕ್ಕಟೆ ಓದುವಂತೆ ಮಾಡುವ ಭಂಡಾರ ಅವಳ ಕೂಸು. ಆದರೆ ಕೂಸು ಮೈ ತುಂಬಿಕೊಳ್ಳುತ್ತಿರಲಿಲ್ಲ. ಮಾವ ಪ್ರಬಂಧ ಕೊಡುವುದಿಲ್ಲ, ಅವರನ್ನು ನೋಡಿ ಅವರ ವಿಭಾಗದವರೂ ಕೊಡುವುದಿಲ್ಲ. ಹೀಗೇ ಆದರೆ ವರ್ಷದ ಕೊನೆಗೆ ಬೀಗ ಹಾಕುವುದೇ ಎಂದು ಕುಲಪತಿಗಳು ಹೇಳಿಯಾಗಿತ್ತು. ಮನೆಯಲ್ಲಿ ಕೇಳಿದರೆ ಮಾವ "ನಾಳೆ ಹಾಕ್ತೀನಮ್ಮ" ಎನ್ನುವರು. ಆಫೀಸಿನಿಂದ ಮೇಲ್ ಕಳಿಸಿದರೆ ಉತ್ತರವೇ ಇಲ್ಲ. ಬರೀ ಸೋಮಾರಿತನ ಎಂದು ಅವಳು ಗಂಡನ ಮುಂದೆ ಎಷ್ಟೋ ಸಲ ಗೊಣಗಿದ್ದಳು.

ಮರುದಿನ ಬೆಳಿಗ್ಗೆ ಸೀದಾ ವಿಭಾಗದಲ್ಲಿನ ಮಾವನ ಕೋಣೆಗೆ ಹೋಗಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು.

"ಈಗ ನನ್ನೆದುರಿಗೇ ಒಂದು ಸೇರಿಸಿ ಮಾವ. ನಾನು ಬಾಯಿ ಬಿಡಲ್ಲ."

"ನಿನ್ನ ಕೈಲಿ ಅದಾಗುತ್ತಾ?" ಎಂದು ನಕ್ಕು ಮಾವ ಕನ್ನಡಕ ಏರಿಸಿದರು.

ಒಂದೇ ಬೆರಳಿನಲ್ಲಿ ಹೆಸರು ಕುಟ್ಟಿದರು. ವಿಭಾಗ ಆರಿಸಿ ಎಂದಿತು ಪರದೆ. ಉದ್ದನೆಯ ಪಟ್ಟಿಯಲ್ಲಿ ಅವರ ವಿಭಾಗ ಯಾವುದೋ ಹಳೆಯ ಹೆಸರಿನಲ್ಲಿ ಅಡಗಿ ಕೂತಿತ್ತು. ಆಮೇಲೆ ಸಹಲೇಖಕರ ವಿಳಾಸ. ಆಮೇಲೆ, ಇದು ಪ್ರಬಂಧದ ಯಾವ ಆವೃತ್ತಿ ಎಂಬ ಪ್ರಶ್ನೆ. "ಅಲ್ಲಮ್ಮ, ಬರೆದಿದ್ದು ನಾನೇ. ಕದ್ದ ಮಾಲು ಸಿಕ್ಕಿದ ಹಾಗೆ ವಿಚಾರಿಸುತ್ತಲ್ಲ ಇದು!" ಅನುದಾನದ ಸಂಖ್ಯೆಗಾಗಿ ಬೀರು ತೆರೆದು, ಕಡತ ಕೆದಕಿ, ವಾಪಸು ಬಂದು ಕೂರುವಷ್ಟರಲ್ಲಿ ಪರದೆ ಬೆಳ್ಳಗಾಗಿತ್ತು. ಸಮಯ ಮೀರಿದೆ, ಮೊದಲಿನಿಂದ ತುಂಬಿ.

ಮಾವ ಸಿಟ್ಟಾಗಲಿಲ್ಲ. "ಪ್ರತಿ ಸಲಾನೂ ಇಲ್ಲಿಗೇ ಬಂದು ನಿಲ್ಲುತ್ತೆ," ಎಂದರು ಮೆಲ್ಲಗೆ. "ನಿನ್ನ ಕೇಳೋಣ ಅಂದ್ರೆ, ಪ್ರೊಫೆಸರ್ ಆಗಿ ಇಷ್ಟೂ ಬರಲ್ವಾ ಅಂದ್ಕೊಳ್ತೀಯೇನೋ ಅಂತ ಸುಮ್ಮನಿದ್ದೆ."

ಸೊಸೆ ನಾಲಿಗೆ ಕಚ್ಚಿಕೊಂಡಳು. ಆ ಪ್ರಶ್ನೆಗಳನ್ನು ಒಂದೊಂದಾಗಿ ಪೋಣಿಸಿದವಳು ಅವಳೇ.

ಅಲ್ಲಿಂದ ಎದ್ದವಳು ನೇರ ಹೋಗಿ ನಿಂತದ್ದು ಜಾಲತಾಣ ನೋಡಿಕೊಳ್ಳುವ ಗೆಳತಿಯ ಮೇಜಿನ ಮುಂದೆ. "ಆ ಪ್ರಶ್ನೆಗಳನ್ನೆಲ್ಲ ಕಿತ್ತಾಕು. ಪ್ರಬಂಧವನ್ನ ಮೇಲ್‌ನಲ್ಲಿ ಕಳಿಸಿದ್ರೆ ಸಾಕು. ಅವರ ಕೆಲಸ ಅಲ್ಲಿಗೆ ಮುಗೀತು."

"ಮಿಕ್ಕಿದ್ದನ್ನೆಲ್ಲ ಯಾರು ತುಂಬ್ತಾರೆ? ಪ್ರಕಾಶಕರ ಒಪ್ಪಿಗೆ ಯಾರು ನೋಡ್ತಾರೆ?"

"ನಾವೇ. ಮತ್ತೆ ನಾವಿರೋದು ಯಾತಕ್ಕೆ?"

ಹೊಸ ಏರ್ಪಾಡು ಶುರುವಾದ ದಿನ ಮಾವನಿಂದ ಒಂದು ಮೇಲ್ ಬಂತು. ಹಿಂದೆಯೇ ಇನ್ನೊಂದು. ಸಂಜೆಯೊಳಗೆ ಅವರ ಹಳೆಯ ಪ್ರಬಂಧಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಬಂದಿಳಿದವು. ವಿಭಾಗದವರೂ ಬೆನ್ನು ಹತ್ತಿದರು. ಗ್ರಂಥಾಲಯದಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಬೀಗದ ಮಾತನ್ನು ಕುಲಪತಿಗಳು ಮತ್ತೆ ಎತ್ತಲಿಲ್ಲ.

ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಮಾವ ಏದುಸಿರು ಬಿಡುತ್ತ ಗ್ರಂಥಾಲಯಕ್ಕೇ ಬಂದರು. ದೂರದ ಯಾವುದೋ ಊರಿನ ಎಂಜಿನಿಯರ್ ಒಬ್ಬ ಅವರಿಗೆ ಮೇಲ್ ಬರೆದಿದ್ದ. ತನ್ನೂರಿನ ಸೇತುವೆ ಪರೀಕ್ಷಿಸುವಾಗ ಮಾವನ ಪ್ರಬಂಧ ಸಿಕ್ಕಿತಂತೆ, ಬಹಳ ಉಪಯೋಗವಾಯಿತಂತೆ. ಆದರೆ ಏಳನೇ ಪುಟದಲ್ಲಿ ಪ್ಲಸ್ ಇರಬೇಕಾದ ಕಡೆ ಮೈನಸ್ ಬಿದ್ದಿದೆಯಂತೆ.

ಸೊಸೆ ಕೈಲಿದ್ದ ಕೆಲಸ ಬಿಟ್ಟು ಎದ್ದಳು. "ಬೇಜಾರಾಯ್ತಾ ಮಾವ?"

"ಬೇಜಾರಾ?" ಮಾವನ ಮುಖ ಊರಗಲವಾಗಿತ್ತು. "ಇಷ್ಟು ವರ್ಷ ಬರೆದಿದ್ದೀನಿ. ಏಳನೇ ಪುಟದವರೆಗೂ ಓದಿದವನು ಇವನೊಬ್ಬನೇ ಕಣಮ್ಮ!"